ಕಳ್ಳರನ್ನೂ ನಾವೇ ಬರೆಯಬೇಕು

ಮೊನ್ನೆ ನನ್ನ ಲ್ಯಾಪ್‌ಟಾಪಿನಲ್ಲಿ ಕ್ವಾಂಟಮ್ ಭೌತಶಾಸ್ತ್ರ ಸುಳ್ಳಾಯಿತು. ಹತ್ತು ನಿಮಿಷದ ಮಟ್ಟಿಗೆ.

ಬರೆದದ್ದು ಅರವತ್ತು ಸಾಲಿನ ಸಣ್ಣ ಪ್ರೋಗ್ರಾಂ. ಅದರೊಳಗೆ ಆಲಿಸ್ ಒಂದೊಂದೇ ಫೋಟಾನ್ ಕಳಿಸುತ್ತಾಳೆ, ಬಾಬ್ ಹಿಡಿಯುತ್ತಾನೆ, ನಡುವೆ ಈವ್ ಕೂತು ಕದ್ದು ನೋಡುತ್ತಾಳೆ. ಬೆಳಕಿನ ಕಣಗಳ ಮೂಲಕ ಗುಟ್ಟಿನ ಕೀಲಿ ಹಂಚುವ ಈ ವಿಷಯದಲ್ಲಿ ಕೆಲಸ ಮಾಡುವವರೆಲ್ಲ ಬಳಸುವ ಹೆಸರುಗಳೇ ಇವು. ಈವ್ ಕೈ ಹಾಕಿದರೆ ಶೇ. 25ರಷ್ಟು ಬಿಟ್‌ಗಳು ತಪ್ಪಬೇಕು ಅನ್ನುತ್ತದೆ ಲೆಕ್ಕ. ನನಗೆ ಬಂದ ಉತ್ತರ ಸೊನ್ನೆ. ಅವಳು ಎಲ್ಲವನ್ನೂ ಓದಿದ್ದಳು, ಒಂದು ಗುರುತೂ ಬಿಟ್ಟಿರಲಿಲ್ಲ.

ತಪ್ಪು ಎಲ್ಲಿತ್ತು ಅಂತ ಆಮೇಲೆ ಹೇಳುತ್ತೇನೆ. ಮೊದಲು ಆಟ ಏನು ಅಂತ ನೋಡೋಣ.

ಇಬ್ಬರ ಬಳಿ ಮಾತ್ರ ಇರುವ, ಸಂದೇಶದಷ್ಟೇ ಉದ್ದದ, ಒಮ್ಮೆ ಮಾತ್ರ ಬಳಸುವ ಅಡ್ಡಾದಿಡ್ಡಿ ಕೀಲಿಯೊಂದಿದ್ದರೆ ಆ ಸಂದೇಶವನ್ನು ಯಾರೂ ಒಡೆಯಲಾರರು. ತೊಂದರೆ ಇರುವುದು ಆ ಕೀಲಿಯನ್ನು ಇಬ್ಬರಿಗೂ ತಲುಪಿಸುವುದರಲ್ಲಿ. ಅದಕ್ಕೆ ಚಾರ್ಲ್ಸ್ ಬೆನೆಟ್ ಮತ್ತು ಜಿಲ್ ಬ್ರಸಾರ್ 1984ರಲ್ಲಿ ಒಂದು ದಾರಿ ತೋರಿಸಿದರು. ಅದನ್ನೇ ಬಿಬಿ84 ಅನ್ನುತ್ತಾರೆ. ಆ ಪ್ರಬಂಧ ಬಂದದ್ದು ಬೆಂಗಳೂರಿನ ಒಂದು ಸಮ್ಮೇಳನದಲ್ಲಿ.

ಫೋಟಾನ್ ಅಂದರೆ ಬೆಳಕಿನ ಒಂದು ಕಣ. ಅದರ ಕಂಪನಕ್ಕೆ ಒಂದು ದಿಕ್ಕು ಇರುತ್ತದೆ. ಆಲಿಸ್ 'ನೇರ' ಪದ್ಧತಿ ಆರಿಸಿಕೊಂಡರೆ ನಿಂತದ್ದು 0, ಮಲಗಿದ್ದು 1. 'ಓರೆ' ಪದ್ಧತಿಯಲ್ಲಿ ಎಡಕ್ಕೆ ವಾಲಿದ್ದು 0, ಬಲಕ್ಕೆ ವಾಲಿದ್ದು 1. ಯಾವ ಪದ್ಧತಿ, ಯಾವ ಬಿಟ್ ಎರಡನ್ನೂ ಅವಳು ನಾಣ್ಯ ಚಿಮ್ಮಿ ತೀರ್ಮಾನಿಸುತ್ತಾಳೆ. ಬಾಬ್ ಕೂಡ ನಾಣ್ಯ ಚಿಮ್ಮಿಯೇ ಅಳೆಯುತ್ತಾನೆ. ಪದ್ಧತಿ ಹೊಂದಿದರೆ ಅವಳು ಕಳಿಸಿದ ಬಿಟ್ಟೇ ಸಿಗುತ್ತದೆ. ಹೊಂದದಿದ್ದರೆ 0 ಬಂದರೂ ಬರಬಹುದು, 1 ಬಂದರೂ ಬರಬಹುದು. ಮೊದಲಿನ ದಿಕ್ಕು ಅಲ್ಲಿಗೆ ಅಳಿಸಿ ಹೋಯಿತು, ಮತ್ತೆ ಕೇಳಿದರೆ ಸಿಗದು. ಆಮೇಲೆ ಇಬ್ಬರೂ ತಮ್ಮ ಪದ್ಧತಿಗಳನ್ನು ಮಾತ್ರ ಬಹಿರಂಗವಾಗಿ ಹೇಳಿಕೊಂಡು, ಹೊಂದದ ಅರ್ಧವನ್ನು ಬಿಸಾಡುತ್ತಾರೆ.

ಈವ್ ಪಾಡು ನೋಡಿ. ಫೋಟಾನ್‌ನ ನಕಲು ತೆಗೆಯಲು ಪ್ರಕೃತಿ ಬಿಡುವುದಿಲ್ಲ. ಅವಳು ಅಳೆದು, ಹೊಸದೊಂದನ್ನು ಕಳಿಸಬೇಕು. ಅರ್ಧ ಸಲ ಅವಳ ಪದ್ಧತಿ ತಪ್ಪುತ್ತದೆ, ಅದರಲ್ಲಿ ಅರ್ಧ ಸಲ ಬಾಬ್‌ಗೆ ತಪ್ಪು ಬಿಟ್ ಸಿಗುತ್ತದೆ. ಹಾಗಾಗಿ ಶೇ. 25. ಇಪ್ಪತ್ತು ಬಿಟ್ ಹೋಲಿಸಿ ನೋಡಿದರೆ ಅವಳು ಸಿಕ್ಕಿಬೀಳದೆ ಉಳಿಯುವ ಸಾಧ್ಯತೆ ಸಾವಿರಕ್ಕೆ ಮೂರು. 72 ಬಿಟ್ ಹೋಲಿಸಿದರೆ ನೂರು ಕೋಟಿಗೆ ಒಂದು.

ಇಷ್ಟನ್ನು ಸಿಮ್ಯುಲೇಟ್ ಮಾಡಲು ಕ್ವಾಂಟಮ್ ಕಂಪ್ಯೂಟರ್ ಬೇಕಿಲ್ಲ. ನಾಣ್ಯ ಚಿಮ್ಮಲು ಬಂದರೆ ಸಾಕು. ನಾನು ಎಡವಿದ್ದೂ ಅಲ್ಲೇ. ಕಂಪ್ಯೂಟರಿನ ನಾಣ್ಯ ನಿಜವಾದ ನಾಣ್ಯ ಅಲ್ಲ, 'ಸೀಡ್' ಎಂಬ ಒಂದು ಸಂಖ್ಯೆಯಿಂದ ಹೊರಡುವ ಲೆಕ್ಕ. ಪದ್ಧತಿ ಆರಿಸುವ ಫಂಕ್ಷನ್ ಒಳಗೇ ನಾನು ಸೀಡ್ 42 ಅಂತ ಬರೆದುಬಿಟ್ಟಿದ್ದೆ. ಹಾಗಾಗಿ ಆಲಿಸ್, ಬಾಬ್, ಈವ್ ಮೂವರೂ ಪ್ರತಿ ಸಲ ಒಂದೇ ಪದ್ಧತಿ ಆರಿಸುತ್ತಿದ್ದರು. ಅರ್ಧ ಬಿಸಾಡಬೇಕಾದ ಕಡೆ ಒಂದು ಬಿಟ್ಟನ್ನೂ ಬಿಸಾಡಿರಲಿಲ್ಲ. ಅದನ್ನು ನೋಡಿಯಾದರೂ ನನಗೆ ಹೊಳೆಯಬೇಕಿತ್ತು, ಅಲ್ವಾ? ನಗು ಬಂತು, ಜೊತೆಗೆ ಸ್ವಲ್ಪ ಭಯವೂ ಆಯಿತು. ನಿಜವಾದ ಯಂತ್ರದಲ್ಲೂ ನಾಣ್ಯವನ್ನು ಊಹಿಸಲು ಬಂದರೆ ಆಗುವುದು ಇದೇ. ಭೌತಶಾಸ್ತ್ರದ ಯಾವ ನಿಯಮವೂ ಮುರಿಯುವುದಿಲ್ಲ, ಗುಟ್ಟು ಮಾತ್ರ ಉಳಿಯುವುದಿಲ್ಲ.

ಸೀಡ್ ಸಾಲು ತೆಗೆದ ಮೇಲೆ ಶೇ. 25 ಬಂತು. ಆದರೆ ಅದು ಪುಸ್ತಕದ ಈವ್. ಮಾದರಿಗೆ ನಿಜವಾದ ಉಪಕರಣಗಳ ಕೊರತೆಗಳನ್ನು ತುಂಬಿದಾಗಲೇ ಮಜಾ ಶುರು.

ಮೊದಲನೆಯದು ಲೇಸರ್. 'ಒಂದೇ ಫೋಟಾನ್ ಕೊಡು' ಅಂದರೆ ಅದು ಕೇಳುವುದಿಲ್ಲ. ಬೆಳಕನ್ನು ಮಂಕು ಮಾಡಿ, ಮಿಡಿತಕ್ಕೆ (ಒಂದೊಂದು ಸಣ್ಣ ಹೊಳಪಿಗೆ) ಸರಾಸರಿ 0.1 ಫೋಟಾನ್ ಬರುವಂತೆ ಇಟ್ಟುಕೊಳ್ಳೋಣ. ಆಗ ಸಾವಿರ ಮಿಡಿತಗಳಲ್ಲಿ ಸುಮಾರು 905 ಖಾಲಿ, 90ರಲ್ಲಿ ಒಂದು ಫೋಟಾನ್, ಸುಮಾರು 5ರಲ್ಲಿ ಎರಡು ಅಥವಾ ಜಾಸ್ತಿ. ಈವ್‌ಗೆ ಈ ಐದೇ ಸಾಕು. ಒಂದನ್ನು ತಾನಿಟ್ಟುಕೊಂಡು ಇನ್ನೊಂದನ್ನು ಮುಂದೆ ಬಿಡುತ್ತಾಳೆ. ಪದ್ಧತಿ ಬಹಿರಂಗವಾಗುವ ತನಕ ಕಾದು, ಆಮೇಲೆ ಅಳೆಯುತ್ತಾಳೆ. ತಪ್ಪು ಒಂದೂ ಇಲ್ಲ.

ಐದು ಎಷ್ಟರ ಲೆಕ್ಕ ಅನ್ನಿಸಬಹುದು. ಆಪ್ಟಿಕಲ್ ಫೈಬರ್ ಒಳ್ಳೆಯದೇ ಆದರೂ ಪ್ರತಿ ಕಿಲೋಮೀಟರಿಗೆ ಸುಮಾರು 0.2 ಡೆಸಿಬೆಲ್ ಬೆಳಕು ನುಂಗುತ್ತದೆ. 50 ಕಿ.ಮೀ. ದಾಟಿದರೆ ಉಳಿಯುವುದು ಶೇ. 10, 100 ಕಿ.ಮೀ. ದಾಟಿದರೆ ಶೇ. 1. ಅಂದರೆ ಸಾವಿರ ಮಿಡಿತಕ್ಕೆ ಬಾಬ್ ನಿರೀಕ್ಷಿಸುವುದೇ ಒಂದು ಫೋಟಾನ್. ಈವ್ ಒಂಟಿ ಫೋಟಾನ್‌ಗಳನ್ನೆಲ್ಲ ತಡೆದು, ಆ ಐದರಲ್ಲಿ ಒಂದನ್ನು ಮಾತ್ರ ನಷ್ಟವೇ ಇಲ್ಲದ ದಾರಿಯಲ್ಲಿ ಕಳಿಸಿದರೂ ಬಾಬ್‌ಗೆ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಇಡೀ ಕೀಲಿ ಅವಳ ಕೈಯಲ್ಲಿ!

ಇದಕ್ಕೆ ಮದ್ದು 2003ರಲ್ಲಿ ಹ್ವಾಂಗ್ ಎಂಬ ಸಂಶೋಧಕರು ಕೊಟ್ಟ ಉಪಾಯ. 2005ರಲ್ಲಿ ಬೇರೆಯವರು ಅದನ್ನು ಬಳಸಲು ಬರುವ ಹಾಗೆ ಮಾಡಿದರು. ಮಿಡಿತಗಳ ಕಾಂತಿಯನ್ನು ಆಗಾಗ ಬದಲಿಸುತ್ತಾ, ನಡುನಡುವೆ ಸುಮ್ನೆ ಹುಸಿ ಮಿಡಿತ ಸೇರಿಸುವುದು. ಯಾವುದು ಹುಸಿ ಅಂತ ಈವ್‌ಗೆ ಗೊತ್ತಾಗದು. ಒಂಟಿಗಳನ್ನು ತಡೆದರೆ ಮಂಕು ಮಿಡಿತಗಳು ತಲುಪುವ ಪ್ರಮಾಣ ಏರುಪೇರಾಗಿ ಸಿಕ್ಕಿಬೀಳುತ್ತಾಳೆ.

ಎರಡನೆಯದು ಡಿಟೆಕ್ಟರ್, ಅಂದರೆ ಬಾಬ್ ಕಡೆ ಫೋಟಾನ್ ಹಿಡಿಯುವ ಉಪಕರಣ. ಬೆಳಕೇ ಇಲ್ಲದಿದ್ದರೂ ಅದು ಆಗೊಮ್ಮೆ ಈಗೊಮ್ಮೆ 'ಟಿಕ್' ಅನ್ನುತ್ತದೆ. ಈ ಹುಸಿ ಟಿಕ್‌ಗಳಲ್ಲಿ ಅರ್ಧ ತಪ್ಪೇ. ಹತ್ತಿರದಲ್ಲಿ ಇದು ಲೆಕ್ಕಕ್ಕಿಲ್ಲ. ದೂರ ಹೆಚ್ಚಿ ನಿಜ ಫೋಟಾನ್ ಕಡಿಮೆಯಾದ ಹಾಗೆ ತಪ್ಪು ಏರುತ್ತದೆ. ಶೇ. 5 ತಪ್ಪಿದ್ದರೆ, ತಪ್ಪುಗಳನ್ನು ತಿದ್ದಿ, ಈವ್‌ಗೆ ತಿಳಿದಿರಬಹುದಾದ್ದನ್ನು ಸೋಸಿ ತೆಗೆದ ಮೇಲೆ ಶೇ. 43ರಷ್ಟು ಬಿಟ್ ಉಳಿಯುತ್ತವೆ. ಶೇ. 11ಕ್ಕೆ ಸೊನ್ನೆ. ದೂರಕ್ಕೆ ತಕ್ಕಂತೆ ಎಷ್ಟು ಕೀಲಿ ಸಿಗುತ್ತದೆ ಅಂತ ಗ್ರಾಫ್ ಬಿಡಿಸಿದರೆ ಗೆರೆ ನಿಧಾನಕ್ಕೆ ಇಳಿಯುತ್ತಾ ಬಂದು ಇದ್ದಕ್ಕಿದ್ದಂತೆ ಪ್ರಪಾತಕ್ಕೆ ಬೀಳುತ್ತದೆ. 1,000 ಕಿ.ಮೀ. ಫೈಬರಿನಲ್ಲಿ ಸೆಕೆಂಡಿಗೆ ಸಾವಿರ ಕೋಟಿ ಫೋಟಾನ್ ಕಳಿಸಿದರೂ ಆ ಕಡೆ ಒಂದು ತಲುಪಲು ಸರಾಸರಿ 300 ವರ್ಷ ಬೇಕು. ಚೀನಾ 2016ರಲ್ಲಿ ಮಿಸಿಯಸ್ ಉಪಗ್ರಹ ಹಾರಿಸಿದ್ದರ ಹಿಂದೆ ಇರುವುದು ಇದೇ ಲೆಕ್ಕ. ಬಾಹ್ಯಾಕಾಶದಲ್ಲಿ ಬೆಳಕನ್ನು ನುಂಗಲು ಏನೂ ಇಲ್ಲ.

ಇಷ್ಟೆಲ್ಲ ಹಾಕಿದರೂ ಮಾದರಿಯೊಳಗೆ ಇರುವುದು ನಾವು ಯೋಚಿಸಿದ ಕಳ್ಳತನಗಳು ಮಾತ್ರ. 1989ರಲ್ಲಿ ಬೆನೆಟ್, ಬ್ರಸಾರ್ ಮತ್ತು ಸಂಗಡಿಗರು ಮೊದಲ ಯಂತ್ರ ಕಟ್ಟಿದರು. ಫೋಟಾನ್ ಹೋದದ್ದು ಸುಮಾರು 30 ಸೆಂ.ಮೀ. ದಿಕ್ಕು ತಿರುಗಿಸುವ ಭಾಗಕ್ಕೆ ಕರೆಂಟ್ ಕೊಡುವ ಪೆಟ್ಟಿಗೆ ಶಬ್ದ ಮಾಡುತ್ತಿತ್ತು. ದಿಕ್ಕು ಬದಲಾದರೆ ಶಬ್ದವೂ ಬದಲಾಗುತ್ತಿತ್ತು! ಕಿವುಡ ಕಳ್ಳರಿಂದ ಮಾತ್ರ ಅದು ಸುರಕ್ಷಿತ ಅಂತ ಬ್ರಸಾರ್ ಆಮೇಲೆ ತಮಾಷೆ ಮಾಡಿದರು. 2010ರಲ್ಲಿ ಸಂಶೋಧಕರು ಮಾರುಕಟ್ಟೆಯಲ್ಲಿದ್ದ ಯಂತ್ರಗಳ ಡಿಟೆಕ್ಟರ್‌ಗಳಿಗೆ ಜೋರು ಬೆಳಕು ಬಿಟ್ಟು ಕುರುಡು ಮಾಡಿ, ತಮಗೆ ಬೇಕಾದಾಗ 'ಟಿಕ್' ಅನ್ನಿಸಿ ತೋರಿಸಿದರು. ಎಷ್ಟು ಸಿಮ್ಯುಲೇಶನ್ ಓಡಿಸಿದರೂ ಇವು ತಾವಾಗಿ ಹೊರಬರುತ್ತಿರಲಿಲ್ಲ.

2012ರಲ್ಲಿ ಬಂದ ಒಂದು ವಿಧಾನ ಈ ಜಗಳವನ್ನೇ ಬಿಟ್ಟುಕೊಡುತ್ತದೆ. ಆಲಿಸ್, ಬಾಬ್ ಇಬ್ಬರೂ ಕಳಿಸುವವರೇ. ಡಿಟೆಕ್ಟರ್ ನಡುವಿನವರ ಬಳಿ, ಬೇಕಿದ್ದರೆ ಈವ್ ಬಳಿಯೇ ಇರಲಿ. ಎರಡು ಬಿಟ್‌ಗಳು ಒಂದೇನಾ, ಬೇರೆನಾ ಅನ್ನುವುದಷ್ಟೇ ಅವಳಿಗೆ ತಿಳಿಯುತ್ತದೆ, ಯಾವುದು 0 ಯಾವುದು 1 ಅಂತ ತಿಳಿಯದು. ಹಾಗಾಗಿ ನಿನ್ನೆ ರಾತ್ರಿ ಡಿಟೆಕ್ಟರ್ ಫಂಕ್ಷನ್ ಅನ್ನು ಬಾಬ್ ಫೈಲಿನಿಂದ ಕಿತ್ತು ಈವ್ ಫೈಲಿಗೆ ಅಂಟಿಸಿದ್ದೇನೆ. ಸೀಡ್ ಸಾಲು ಎಲ್ಲಾದರೂ ಉಳಿದಿದೆಯಾ ಅಂತ ಎರಡು ಸಲ ಹುಡುಕಿದ್ದೂ ಆಯಿತು.