ಎರಡು ದಿನದ ಎಂಟಿಬಿ ರೇಸ್: ಶನಿವಾರ ಮಧ್ಯಾಹ್ನದಿಂದ ಮಲಗುವವರೆಗಿನ ಕೆಲಸ

ಎರಡು ದಿನದ ಹವ್ಯಾಸಿ ಎಂಟಿಬಿ (ಮೌಂಟನ್ ಬೈಕ್, ಅಂದರೆ ಗುಡ್ಡಗಾಡಿನ ಸೈಕಲ್) ಕೂಟದಲ್ಲಿ ಸಾಮಾನ್ಯವಾಗಿ ಶನಿವಾರ ಬೆಳಿಗ್ಗೆ ಟೈಮ್ ಟ್ರಯಲ್ ಇರುತ್ತದೆ. ಒಬ್ಬೊಬ್ಬರನ್ನೇ ಬಿಡುತ್ತಾರೆ, ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಭಾನುವಾರ ಕ್ರಾಸ್ ಕಂಟ್ರಿ: ನಾಲ್ಕೈದು ಕಿಲೋಮೀಟರಿನ ಸುತ್ತು, ಎಲ್ಲರಿಗೂ ಒಟ್ಟಿಗೇ ಸ್ಟಾರ್ಟ್, ಒಂದು ಗಂಟೆಗೂ ಮಿಕ್ಕಿ ತುಳಿತ. ಶನಿವಾರದ ಓಟದಲ್ಲಿ ಟೈರಿಗೆ, ಗೇರಿಗೆ, ಹೊಟ್ಟೆಗೆ ಆದ ಸಣ್ಣ ಪೆಟ್ಟು ಅಂದು ಗೊತ್ತೇ ಆಗುವುದಿಲ್ಲ. ಭಾನುವಾರ ಎರಡನೇ ಸುತ್ತಿನಲ್ಲಿ ಮೇಲೆದ್ದು ಬರುತ್ತದೆ. ಅದಕ್ಕೇ ಶನಿವಾರ ರೇಸ್ ಮುಗಿದ ಮೇಲೆ ಮಲಗುವವರೆಗೆ ಸಿಗುವ ಎಂಟು ಹತ್ತು ಗಂಟೆಯನ್ನು ಹರಟೆಗೆ ಬಿಟ್ಟುಕೊಡಬೇಡಿ.

ಮೊದಲು ಟೈರ್. ನಮ್ಮ ಬಯಲುಸೀಮೆಯ ಟ್ರ್ಯಾಕ್‌ಗಳಲ್ಲಿ ಗಟ್ಟಿ ನೆಲದ ಮೇಲೆ ಸಡಿಲ ಗರಸು ಹರಡಿರುತ್ತದೆ, ನಡುನಡುವೆ ಬರಿ ಬಂಡೆ, ಅಂಚಿನಲ್ಲೆಲ್ಲ ಬಳ್ಳಾರಿ ಜಾಲಿ. ಗಾಳಿ ಹೆಚ್ಚಾದರೆ ಗರಸಿನ ಮೇಲೆ ಚಕ್ರ ಜಾರುತ್ತದೆ. ಕಡಿಮೆಯಾದರೆ ಬಂಡೆಯ ಅಂಚಿಗೆ ರಿಮ್ ಬಡಿಯುತ್ತದೆ. 70 ಕೆ.ಜಿ. ತೂಗುವವರು 29 ಇಂಚಿನ, 2.3 ಅಗಲದ ಟ್ಯೂಬ್‌ಲೆಸ್ ಟೈರಿಗೆ ಮುಂದೆ 20, ಹಿಂದೆ 22 ಅಥವಾ 23 ಪಿಎಸ್‌ಐ ಗಾಳಿ ಹಾಕಿ ಶುರು ಮಾಡಬಹುದು (ಪಿಎಸ್‌ಐ ಎಂದರೆ ಗಾಳಿಯ ಒತ್ತಡದ ಅಳತೆ). ತೂಕ 5 ಕೆ.ಜಿ. ಏರಿದರೆ 1 ಪಿಎಸ್‌ಐ ಏರಿಸಿ. ಒಳಗೆ ಟ್ಯೂಬ್ ಇದ್ದರೆ ಇನ್ನೂ ಐದಾರು ಹೆಚ್ಚು ಬೇಕು. ಇಲ್ಲದಿದ್ದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಅಕ್ಕಪಕ್ಕದಲ್ಲಿ ಎರಡು ತೂತು ಬೀಳುತ್ತವೆ.

ಇವೆಲ್ಲ ಶುರುವಿನ ಅಂಕಿಗಳು. ಅಭ್ಯಾಸದ ಸುತ್ತಿನಲ್ಲಿ ರಿಮ್ ಒಂದಕ್ಕಿಂತ ಹೆಚ್ಚು ಸಲ ಠಣ್ ಎಂದರೆ 1 ಏರಿಸಿ. ತಿರುವಿನಲ್ಲಿ ಮುಂದಿನ ಚಕ್ರ ಗರಸಿನ ಮೇಲೆ ತೇಲಿದಂತಾದರೆ 1 ಇಳಿಸಿ. ಒಂದೊಂದು ಪಂಪಿನ ಮೀಟರ್ ಒಂದೊಂದು ತೋರಿಸುತ್ತದೆ. ಎರಡು ಮೂರು ಪಿಎಸ್‌ಐ ವ್ಯತ್ಯಾಸ ಸಾಮಾನ್ಯ, ಹಾಗಾಗಿ ಎರಡೂ ದಿನ ಒಂದೇ ಪಂಪ್ ಬಳಸಿ. ಬಿಸಿಲಲ್ಲಿ ನಿಂತ ಕಾರಿನೊಳಗಿಂದ ಆಗಷ್ಟೇ ಇಳಿಸಿದ ಚಕ್ರದ ಅಳತೆ ತೆಗೆದುಕೊಳ್ಳಬೇಡಿ. ಹತ್ತು ಡಿಗ್ರಿ ಕಾವು ಏರಿದರೆ ಸುಮಾರು 1 ಪಿಎಸ್‌ಐ ಸುಳ್ಳು ತೋರಿಸುತ್ತದೆ.

ಇನ್ನು ಮುಳ್ಳು. ಟೈರಿನೊಳಗೆ 100 ಮಿ.ಲೀ. ಆಸುಪಾಸು ಸೀಲೆಂಟ್ (ತೂತು ಮುಚ್ಚುವ ದ್ರವ) ಇದ್ದರೆ ಜಾಲಿಮುಳ್ಳಿನ ತೂತನ್ನು ಅದೇ ಮುಚ್ಚಿಕೊಳ್ಳುತ್ತದೆ. ನಮ್ಮ ಬಿಸಿಲಿಗೆ ಅದು ಬೇಗ ಒಣಗುತ್ತದೆ. ಎರಡು ತಿಂಗಳಿಗೊಮ್ಮೆ ನೋಡಿ. ಚಕ್ರ ಬಿಚ್ಚಿ ಕಿವಿಯ ಹತ್ತಿರ ಹಿಡಿದು ಅಲುಗಿಸಿದಾಗ ಬುಳುಬುಳು ಸದ್ದು ಬರದಿದ್ದರೆ ಒಳಗೆ ರಬ್ಬರ್ ಉಂಡೆಗಳಷ್ಟೇ ಉಳಿದಿವೆ. ಟೈರಿಗೆ ನೆಟ್ಟ ಮುಳ್ಳು ಕಂಡ ತಕ್ಷಣ ಎಲ್ಲರ ಕೈ ಅದನ್ನು ಕೀಳಲು ಹೋಗುತ್ತದೆ. ರೇಸಿನ ನಡುವೆ ಗಾಳಿ ಸೋರುತ್ತಿಲ್ಲವೆಂದರೆ ಅದನ್ನು ಹಾಗೇ ಬಿಡಿ, ಮುಳ್ಳೇ ಬಿರಡೆ. ಸೋರುತ್ತಿದ್ದರೆ ಮುಳ್ಳು ಕಿತ್ತು, ತೂತು ಕೆಳಕ್ಕೆ ಬರುವಂತೆ ಚಕ್ರ ತಿರುಗಿಸಿ ಹತ್ತು ಹದಿನೈದು ಸೆಕೆಂಡ್ ನಿಲ್ಲಿ. ಸೀಲೆಂಟ್ ಅಲ್ಲಿಗೆ ಹರಿದು ಕಟ್ಟುತ್ತದೆ. ಆಗಲೂ ಬುಸ್ ಎನ್ನುತ್ತಿದ್ದರೆ ಪ್ಲಗ್ ಎಂಬ ಅಂಟಿನ ರಬ್ಬರ್ ಎಳೆಯನ್ನು ಅದರ ಸಲಕರಣೆಯಿಂದ ತುರುಕಿ, ಒಂದು ಸೆಂಟಿಮೀಟರ್ ಬಾಲ ಹೊರಗಿರುವಂತೆ ಸಲಕರಣೆಯನ್ನು ಒಮ್ಮೆಗೇ ಎಳೆದುಕೊಳ್ಳಿ. 16 ಗ್ರಾಂನ ಒಂದು ಸಿಒಟು (ಇಂಗಾಲದ ಡೈಆಕ್ಸೈಡ್) ಸಿಲಿಂಡರ್ ಪೂರ್ತಿ ಖಾಲಿಯಾದ 29 ಇಂಚಿನ ಟೈರನ್ನು ಇಪ್ಪತ್ತು ಪಿಎಸ್‌ಐ ದಾಟಿಸುತ್ತದೆ. ಅದನ್ನು ಬಿಡುವಾಗ ವಾಲ್ವ್ ಮೇಲ್ಗಡೆ ಇರಲಿ. ಹೊರಬರುವ ಅನಿಲ ತುಂಬ ತಣ್ಣಗಿರುತ್ತದೆ, ಆ ಚಳಿಗೆ ಕೆಲವು ಸೀಲೆಂಟ್‌ಗಳು ಹೆಪ್ಪುಗಟ್ಟುತ್ತವೆ. ಸಿಒಟು ರಬ್ಬರಿನ ಮೂಲಕ ಗಾಳಿಗಿಂತ ಬೇಗ ಸೋರಿಹೋಗುತ್ತದೆ ಎಂಬುದನ್ನೂ ಮರೆಯಬೇಡಿ. ಶನಿವಾರ ಹೀಗೆ ತುಂಬಿಸಿದ ಚಕ್ರ ಭಾನುವಾರ ಬೆಳಿಗ್ಗೆ ಮೆತ್ತಗಿರುತ್ತದೆ. ಸಂಜೆಯೇ ಅದನ್ನು ಬಿಟ್ಟು, ಪಂಪಿನಿಂದ ಗಾಳಿ ಹೊಡೆದಿಡಿ.

ಎರಡನೆಯದು ಡಿರೇಲರ್ ಹ್ಯಾಂಗರ್. ಚೈನನ್ನು ಹಲ್ಲುಗಾಲಿಯಿಂದ ಹಲ್ಲುಗಾಲಿಗೆ ಸರಿಸುವ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ, ಅರ್ಧ ಬೆರಳುದ್ದದ ಅಲ್ಯೂಮಿನಿಯಂ ತುಂಡು ಇದು. ಬಿದ್ದಾಗ ಫ್ರೇಮ್ ಉಳಿಯಲೆಂದೇ ಇದನ್ನು ಮೆದುವಾಗಿ ಮಾಡಿರುತ್ತಾರೆ. ಬಲಕ್ಕೆ ಬಿದ್ದು ಎದ್ದವರು ಒಳ್ಳೆಯ ಗೇರಿನಲ್ಲೇ ರೇಸ್ ಮುಗಿಸಿರಬಹುದು, ಹ್ಯಾಂಗರ್ ಮಾತ್ರ ಎರಡು ಮಿಲಿಮೀಟರ್ ಒಳಕ್ಕೆ ಬಾಗಿರುತ್ತದೆ. ಮರುದಿನ ಕಡಿದಾದ ಏರಿನಲ್ಲಿ ಅತಿ ದೊಡ್ಡ ಹಲ್ಲುಗಾಲಿಗೆ ಹಾಕಿದ ಕೂಡಲೇ ಡಿರೇಲರ್ ಚಕ್ರದ ಕಡ್ಡಿಗಳಿಗೆ ಸಿಕ್ಕಿ ಕಿತ್ತುಬರುತ್ತದೆ, ಅಲ್ಲಿಗೆ ರೇಸ್ ಮುಗಿಯಿತು. ಸೈಕಲ್ಲಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡಿ. ಡಿರೇಲರಿನ ಎರಡು ಪುಟ್ಟ ಗಾಲಿಗಳು ಮೇಲಿನ ಹಲ್ಲುಗಾಲಿಯ ನೇರಕ್ಕೆ ಒಂದೇ ಗೆರೆಯಲ್ಲಿ ಇಳಿಯಬೇಕು. ಕೆಳಗಿನದು ಚಕ್ರದತ್ತ ವಾಲಿದ್ದರೆ ಕೇಬಲ್ ತಿರುಪಿ ಗೇರ್ ಸರಿಮಾಡಲು ಹೋಗಬೇಡಿ, ಹ್ಯಾಂಗರನ್ನೇ ಬದಲಿಸಿ. ಒಂದೊಂದು ಮಾದರಿಗೆ ಒಂದೊಂದು ಆಕಾರವಿರುವುದರಿಂದ ಪಕ್ಕದವರದ್ದು ನಿಮಗೆ ಆಗದು. ಬಿಡಿ ಹ್ಯಾಂಗರ್ ಒಂದನ್ನು ಊರಿಂದಲೇ ತನ್ನಿ, ಜೊತೆಗೆ ನಿಮ್ಮ ಚೈನಿನ ಸ್ಪೀಡಿಗೆ (ಹಿಂದಿನ ಹಲ್ಲುಗಾಲಿಗಳ ಸಂಖ್ಯೆಗೆ) ಹೊಂದುವ ಕ್ವಿಕ್ ಲಿಂಕ್ (ತುಂಡಾದ ಚೈನನ್ನು ಮತ್ತೆ ಜೋಡಿಸುವ ಕೊಂಡಿ) ಎರಡು.

ಬ್ರೇಕ್ ಪ್ಯಾಡಿನ ಉಜ್ಜುವ ಭಾಗ 1 ಮಿ.ಮೀ.ಗಿಂತ ತೆಳುವಾಗಿದ್ದರೆ ಬದಲಿಸಿ, ಆದರೆ ರೇಸಿನ ಬೆಳಿಗ್ಗೆ ಬೇಡ. ಹೊಸ ಪ್ಯಾಡ್ ಹಿಡಿತಕ್ಕೆ ಬರಲು ಇಳಿಜಾರಿನಲ್ಲಿ ಇಪ್ಪತ್ತು ಸಲವಾದರೂ ವೇಗ ಹಿಡಿದು, ಪೂರ್ತಿ ನಿಲ್ಲಿಸದೆ ಬ್ರೇಕ್ ಒತ್ತಬೇಕಾಗುತ್ತದೆ. ಕೆಂಪು ಧೂಳಿನ ಟ್ರ್ಯಾಕಿಗೆ ಚೈನಿಗೆ ಡ್ರೈ ಲ್ಯೂಬ್ (ಧೂಳು ಹೆಚ್ಚು ಅಂಟದ ಚೈನ್ ಎಣ್ಣೆ) ಸಾಕು. ರಾತ್ರಿಯೇ ಹನಿಹನಿಯಾಗಿ ಹಾಕಿ, ಬೆಳಿಗ್ಗೆ ಬಟ್ಟೆಯಿಂದ ಒರೆಸಿ. ಡಿಸ್ಕಿನ ಹತ್ತಿರ ಸ್ಪ್ರೇ ಮಾತ್ರ ಬೇಡವೇ ಬೇಡ. ಪ್ಯಾಡಿಗೆ ಎಣ್ಣೆ ಹೀರಿತೆಂದರೆ ಅದನ್ನು ಎಸೆಯುವುದೊಂದೇ ದಾರಿ. ಸೈಕಲ್ ತೊಳೆಯುವಾಗ ಸರ್ವಿಸ್ ಸ್ಟೇಷನ್ನಿನ ಜೋರು ನೀರು ಬೇರಿಂಗಿಗೆ ಹೊಡೆಯಬಾರದು. ಬಕೆಟ್, ಬ್ರಷ್ ಸಾಕು.

ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ಮಳೆ ಬಿತ್ತೆಂದರೆ ಈ ಲೆಕ್ಕವೆಲ್ಲ ಬದಲಾಗುತ್ತದೆ. ಎರೆಮಣ್ಣು ನೂರು ಮೀಟರಿನೊಳಗೆ ಟೈರಿಗೂ ಫ್ರೇಮಿಗೂ ನಡುವೆ ತುಂಬಿ ಚಕ್ರವೇ ತಿರುಗದಂತಾಗುತ್ತದೆ. ತುಳಿದು ಗೆಲ್ಲಲು ನೋಡಿದರೆ ಡಿರೇಲರ್ ಮುರಿಯುತ್ತದೆ. ಇಳಿದು, ಹುಲ್ಲಿರುವ ಅಂಚು ಹಿಡಿದು ಸೈಕಲ್ ಹೊತ್ತು ಓಡುವುದೇ ಅಲ್ಲಿ ವೇಗದ ದಾರಿ.

ಹೊಟ್ಟೆಯ ವಿಷಯ. ಶನಿವಾರ ರೇಸ್ ಮುಗಿದ ಒಂದು ಗಂಟೆಯೊಳಗೆ ದೇಹದ ತೂಕದ ಪ್ರತಿ ಕೆ.ಜಿ.ಗೆ 1 ಗ್ರಾಂ ಪಿಷ್ಟ ಒಳಗೆ ಹೋಗಬೇಕು. 70 ಕೆ.ಜಿ.ಯವರಿಗೆ ಅದು ಸುಮಾರು 250 ಗ್ರಾಂ ಬೇಯಿಸಿದ ಅನ್ನ. ಮೊಸರನ್ನವಾದರೆ ಇನ್ನೂ ಒಳ್ಳೆಯದು. ಜೊತೆಗೆ ಮೂರು ಮೊಟ್ಟೆ. ರೇಸಿನ ಮುಂಚೆ, ಆಮೇಲೆ ತೂಕ ನೋಡಿಕೊಂಡರೆ ಬೆವರಿನ ಲೆಕ್ಕ ಸಿಗುತ್ತದೆ: ಇಳಿದ ಪ್ರತಿ ಕೆ.ಜಿ.ಗೆ ಒಂದೂಕಾಲು ಲೀಟರಿನಿಂದ ಒಂದೂವರೆ ಲೀಟರ್, ಒಂದೇ ಸಲಕ್ಕಲ್ಲ, ಸಂಜೆಯವರೆಗೆ. ರಾತ್ರಿಗೆ ಮುದ್ದೆ, ಸೊಪ್ಪಿನ ಸಾರು, ಹುರುಳಿ ಬೇಡ ಎಂದರೆ ಬೇಸರವಾಗುವವರಿದ್ದಾರೆ. ಅವು ಎಲ್ಲ ದಿನಕ್ಕೂ ಒಳ್ಳೆಯ ಊಟವೇ. ಆದರೆ ನಾರು ಹೊಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಮರುದಿನ ಗುಂಡಿಗೆ ಬಾಯಿಗೆ ಬರುವ ಏರಿನಲ್ಲಿ ಅದೇ ತೊಳಸುತ್ತದೆ. ಆ ಒಂದು ರಾತ್ರಿ ಅನ್ನ, ತಿಳಿಸಾರು ಸಾಕು. ಭಾನುವಾರ ಸ್ಟಾರ್ಟಿಗೆ ಮೂರು ಗಂಟೆ ಮುಂಚೆ ನಾಲ್ಕು ಇಡ್ಲಿ, ಎರಡು ಬಾಳೆಹಣ್ಣು. ವಡೆ, ಮಸಾಲೆ ದೋಸೆ ರೇಸ್ ಮುಗಿದ ಮೇಲಿರಲಿ.

ಓಡುವಾಗ ಗಂಟೆಗೆ 60 ಗ್ರಾಂ ಸಕ್ಕರೆ ಅಂಶ ಗುರಿ. ಮನೆಯಲ್ಲೇ ಮಾಡಿಕೊಳ್ಳಬಹುದು: ಒಂದು ಲೀಟರ್ ನೀರು, 60 ಗ್ರಾಂ ಸಕ್ಕರೆ, ಕಾಲು ಚಮಚ ಉಪ್ಪು, ಅರ್ಧ ನಿಂಬೆಹಣ್ಣು. ಬಂಡೆಗಳ ನಡುವೆ ಕೈಬಿಟ್ಟು ಕುಡಿಯಲಾಗುವುದಿಲ್ಲ. ಸುತ್ತಿನಲ್ಲಿ ಕುಡಿಯುವ ಎರಡು ಜಾಗಗಳನ್ನು ಮೊದಲೇ ಗುರುತಿಸಿ, ಬಾಯಾರಿಕೆ ಇರಲಿ ಬಿಡಲಿ, ಪ್ರತಿ ಸುತ್ತಿನಲ್ಲೂ ಅಲ್ಲಿ ಎರಡೆರಡು ಗುಟುಕು ಕುಡಿಯಿರಿ.

ಶನಿವಾರ ಸಂಜೆ ಟ್ರ್ಯಾಕ್ ನೋಡಲು ಎರಡು ಸುತ್ತು ಸಾಕು. ಮೊದಲ ಸುತ್ತಿನಲ್ಲಿ ಕಷ್ಟದ ಜಾಗಗಳಲ್ಲಿ ಸೈಕಲ್ ನಿಲ್ಲಿಸಿ, ಇಳಿದು, ಕೆಳಗಿನಿಂದ ಮೇಲಕ್ಕೆ ನಡೆದು ನೋಡಿ. ಇಳಿಜಾರಿನ ಗೆರೆ ಮೇಲಿನಿಂದ ನೋಡಿದಾಗ ಕಾಣುವುದೇ ಬೇರೆ. ಬ್ರೇಕ್ ಬಿಡಬೇಕಾದ ಜಾಗಕ್ಕೆ ಒಂದು ಗಿಡವನ್ನೋ ಕಲ್ಲನ್ನೋ ಗುರುತು ಇಟ್ಟುಕೊಳ್ಳಿ. ಗರಸಿನ ತಿರುವಿನೊಳಗೆ ಬ್ರೇಕ್ ಒತ್ತಿದರೆ ಮುಂದಿನ ಚಕ್ರ ಕೈಬಿಡುತ್ತದೆ. ಎರಡನೇ ಸುತ್ತು ನಿಲ್ಲದೆ, ಆದರೆ ಮಾತಾಡುತ್ತಾ ಹೋಗುವಷ್ಟು ನಿಧಾನಕ್ಕೆ. ಮೂರನೆಯದು ಭಾನುವಾರದ ಕಾಲನ್ನು ತಿನ್ನುತ್ತದೆ.

ಸ್ಟಾರ್ಟ್ ಗೆರೆಯಿಂದ ಮೊದಲ ಕಿರುದಾರಿಯವರೆಗೆ ಎಷ್ಟು ಮೀಟರ್ ಎಂದು ಅಳೆದಿಡಿ. ಮುನ್ನೂರು ಮೀಟರ್ ಅಗಲ ರಸ್ತೆಯಿದ್ದು ಆಮೇಲೆ ಒಬ್ಬೊಬ್ಬರೇ ನುಗ್ಗುವ ದಾರಿ ಬಂದರೆ, ಹಿಂದುಳಿದವರು ಮೊದಲ ಏರಿನಲ್ಲೇ ಇಳಿದು ನಿಲ್ಲಬೇಕಾಗುತ್ತದೆ. ಅಲ್ಲಿಯವರೆಗೆ ಜೋರಾಗಿ ಹೋಗಿ, ಕಿರುದಾರಿ ಹೊಕ್ಕ ತಕ್ಷಣ ಉಸಿರನ್ನು ಹಿಡಿತಕ್ಕೆ ತಂದುಕೊಳ್ಳಿ. ಮೊದಲ ಸುತ್ತು ಪೂರ್ತಿ ಅದೇ ರಭಸದಲ್ಲಿ ತುಳಿದವರು ಮೂರನೇ ಸುತ್ತಿನಲ್ಲಿ ಒಬ್ಬೊಬ್ಬರಾಗಿ ಸಿಗುತ್ತಾರೆ. ದಾಟುವಾಗ ಎಡವೋ ಬಲವೋ ಮೊದಲೇ ಕೂಗಿ ಹೇಳಿ, ದಾರಿ ಅಗಲವಾಗುವವರೆಗೆ ಕಾಯಿರಿ.

ಭಾನುವಾರ ಮಧ್ಯಾಹ್ನ ಸೈಕಲ್ ಕಾರಿಗೇರಿಸುವ ಮುಂಚೆ ಪ್ಲಗ್ ಹಾಕಿದ ಜಾಗಕ್ಕೆ ಚಾಕ್‌ಪೀಸಿನಿಂದ ಗುರುತು ಮಾಡಿ. ಮನೆಯಲ್ಲಿ ಟೈರ್ ಬಿಚ್ಚಿ, ಒಳಗಡೆ ಹಳೆಯ ಬಟ್ಟೆಯೊಂದನ್ನು ಸುತ್ತಲೂ ಸವರಿ. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುರಿದ ಮುಳ್ಳಿನ ಮೊನೆ ಇದೆ. ಬರಿಗೈ ಆಡಿಸಬೇಡಿ, ಜಾಲಿಮುಳ್ಳು ಚುಚ್ಚಿದ ಬೆರಳು ಎರಡು ದಿನ ಬಾತಿರುತ್ತದೆ. ಇಕ್ಕಳದಿಂದ ಎಲ್ಲವನ್ನೂ ಕಿತ್ತು, ಒಳಗಿನಿಂದ ಪ್ಯಾಚ್ ಅಂಟಿಸಿ, ಹೊಸ ಸೀಲೆಂಟ್ ಹಾಕಿಡಿ.