ಮೈಮೊನಿಡೀಸ್ ರುಜು ಹಾಕಿದ ಚಂದಾ ಪತ್ರ ಯಾರಿಗಾಗಿ ಬರೆದದ್ದು?

ಓದುಗರ ಪ್ರಶ್ನೆ: ಯಹೂದಿಗಳ ಮಹಾಪಂಡಿತ ಮೈಮೊನಿಡೀಸ್ ಅವರ ರುಜುವಿರುವ ಚಂದಾ ಪತ್ರವೊಂದು ಎಂಟೂವರೆ ಶತಮಾನ ಕಳೆದರೂ ಉಳಿದುಬಂದಿದೆ ಎಂದು ಕೇಳಿದ್ದೇನೆ. ಆ ಚಂದಾ ಯಾರಿಗಾಗಿ? ಧರ್ಮಶಾಸ್ತ್ರ ಬರೆದವರು ಹಣ ಕೂಡಿಸಲು ಹೊರಟದ್ದೇಕೆ?

ಉತ್ತರ: ಯುದ್ಧದಲ್ಲಿ ಸೆರೆಸಿಕ್ಕವರನ್ನು ಹಣ ಕೊಟ್ಟು ಬಿಡಿಸಿ ತರುವುದಕ್ಕಾಗಿ. 1168ರ ನವೆಂಬರಿನಲ್ಲಿ ಜೆರೂಸಲೇಮಿನ ಕ್ರೈಸ್ತ ದೊರೆ ಅಮಾಲ್ರಿಕ್ ಈಜಿಪ್ಟಿನ ಮೇಲೆ ದಂಡೆತ್ತಿ ಬಂದು, ನೈಲ್ ನದಿಯ ಮುಖಜಭೂಮಿಯ ಪೂರ್ವದ ಅಂಚಿನಲ್ಲಿದ್ದ ಬಿಲ್ಬೈಸ್ ಪಟ್ಟಣವನ್ನು ಹಿಡಿದ. ಅವನ ಸೈನಿಕರು ಮುಸ್ಲಿಮರು, ಕಾಪ್ಟಿಕ್ ಕ್ರೈಸ್ತರು, ಯಹೂದಿಗಳು ಎಂಬ ಭೇದವಿಲ್ಲದೆ ಊರವರನ್ನು ಕಡಿದರು, ಬದುಕುಳಿದವರನ್ನು ಸೆರೆಹಿಡಿದರು. ಅಂದಿನ ಮೆಡಿಟರೇನಿಯನ್ ಜಗತ್ತಿನಲ್ಲಿ ಸೆರೆಯಾಳು ಎಂದರೆ ಮಾರಾಟದ ಸರಕು. ಅವನ ಕಡೆಯವರು ಹಣ ತಂದರೆ ಬಿಡುಗಡೆ, ತಾರದಿದ್ದರೆ ಗುಲಾಮಗಿರಿ. ಬಿಲ್ಬೈಸಿನ ಈ ಯಹೂದಿ ಸೆರೆಯಾಳುಗಳಿಗಾಗಿ ಫುಸ್ತಾತ್‌ನಲ್ಲಿ, ಎಂದರೆ ಇಂದಿನ ಹಳೆಯ ಕೈರೋದಲ್ಲಿ, ನಿಧಿ ಸಂಗ್ರಹ ಆರಂಭವಾಯಿತು. ಪ್ರಶ್ನೆಯಲ್ಲಿ ಹೇಳಿದ ಪತ್ರ ಆ ಸಂಗ್ರಹದ ಭಾಗ. ಅದೀಗ ನ್ಯೂಯಾರ್ಕಿನ ಜ್ಯೂಯಿಷ್ ಥಿಯಾಲಾಜಿಕಲ್ ಸೆಮಿನರಿಯ ಗ್ರಂಥಾಲಯದಲ್ಲಿದೆ.

ಆಗ ಮೈಮೊನಿಡೀಸ್, ಹೀಬ್ರೂ ಹೆಸರಿನಲ್ಲಿ ಹೇಳುವುದಾದರೆ ಮೈಮೋನ್ ಅವರ ಮಗ ಮೋಶೆ, ನಾವಿಂದು ಕಲ್ಪಿಸಿಕೊಳ್ಳುವಂತಹ ಸರ್ವಮಾನ್ಯ ಗುರುವಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಸ್ಪೇನಿನ ಕಾರ್ಡೋಬಾದಲ್ಲಿ ಹುಟ್ಟಿ, ಅಲ್ಮೊಹದ್ ಎಂಬ ಮುಸ್ಲಿಂ ರಾಜವಂಶದ ಆಳ್ವಿಕೆಯ ಮತೀಯ ಕಿರುಕುಳದಿಂದ ಊರು ಬಿಟ್ಟು, ಮೊರಾಕೋದ ಫೆಜ್ ನಗರದಲ್ಲಿ ಕೆಲಕಾಲವಿದ್ದು, 1165ರಲ್ಲಿ ಹಡಗಿನಲ್ಲಿ ಪ್ಯಾಲೆಸ್ಟೈನ್ ಕರಾವಳಿಯ ಆಕ್ರೆಗೆ ಬಂದು, ಅಲ್ಲಿಂದ ಈಜಿಪ್ಟಿಗೆ ಸೇರಿದ ಕುಟುಂಬ ಅವರದು. ಎಂದರೆ ಬಿಲ್ಬೈಸ್ ಬಿದ್ದಾಗ ಮೂವತ್ತರ ಆಸುಪಾಸಿನಲ್ಲಿದ್ದ ಅವರು ಫುಸ್ತಾತ್‌ಗೆ ಬಂದು ಎರಡು ಮೂರು ವರ್ಷವಷ್ಟೇ ಆಗಿತ್ತು. ಅಲ್ಲಿನವರ ಕಣ್ಣಿಗೆ ಅವರಿನ್ನೂ ವಲಸೆ ಬಂದ ಪಶ್ಚಿಮದವರು. ಮೇಲಾಗಿ ಹಣ ಕೊಡಬೇಕಾದ ಊರೇ ಆಗ ಸುಟ್ಟ ಗಾಯದಲ್ಲಿತ್ತು. ಅಮಾಲ್ರಿಕನ ಕೈಗೆ ಸಿಕ್ಕದಿರಲಿ ಎಂದು ಈಜಿಪ್ಟಿನ ವಜೀರ ಶಾವರ್ ಅದೇ ತಿಂಗಳು ಫುಸ್ತಾತ್‌ಗೆ ಬೆಂಕಿ ಇಡಿಸಿದ್ದ. ಬೆಂಕಿ 54 ದಿನ ಉರಿಯಿತೆಂದು ಮಧ್ಯಯುಗದ ಅರಬ್ ಚರಿತ್ರೆಕಾರರು ಬರೆದಿದ್ದಾರೆ. ಅದರಲ್ಲಿ ಒಂದಿಷ್ಟು ಉತ್ಪ್ರೇಕ್ಷೆ ಇದ್ದರೂ ಇರಲಿ, ಮನೆಮಾರು ಬಿಟ್ಟು ಓಡಿದ್ದವರ ಬಳಿ ಮತ್ತೊಂದು ಊರಿನ ಸಂತ್ರಸ್ತರಿಗೆಂದು ಕೈಯೊಡ್ಡುವುದು ಸುಲಭದ ಮಾತಲ್ಲ.

ಪತ್ರದ ಧಾಟಿ ಗಮನಾರ್ಹ. ಕರುಣೆ ಉಕ್ಕಿಸುವ ವರ್ಣನೆಯ ಮೇಲೆ ಅದು ನಿಂತಿಲ್ಲ. ಇತರ ಊರುಗಳ ಯಹೂದಿ ಸಮುದಾಯಗಳನ್ನು ಕುರಿತು ಅದು ಹೇಳುವುದರ ಸಾರ ಇಷ್ಟು: ಇಲ್ಲಿ ನಾವು, ಎಂದರೆ ನ್ಯಾಯಾಧೀಶರು, ಹಿರಿಯರು, ವಿದ್ವಾಂಸರೆಲ್ಲರೂ, ಹಗಲಿರುಳೆನ್ನದೆ ಯಹೂದಿ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳಲ್ಲಿ, ಪೇಟೆಯಲ್ಲಿ, ಮನೆಗಳ ಬಾಗಿಲಲ್ಲಿ ನಿಂತು ಜನರನ್ನು ಒಪ್ಪಿಸಿ ಹಣ ಕೂಡಿಸುತ್ತಿದ್ದೇವೆ, ನಮ್ಮ ಪಾಲನ್ನೂ ಕೊಟ್ಟಿದ್ದೇವೆ, ನೀವೂ ಹಾಗೆಯೇ ಮಾಡಿ, ತಡಮಾಡದೆ ಕೂಡಿಸಿ, ನಾವು ಕಳುಹಿಸಿರುವ ಆರೋನ್ ಹಲೇವಿ ಅವರ ಕೈಯಲ್ಲಿ ಕೊಟ್ಟು ಕಳುಹಿಸಿ. ಇದರಲ್ಲಿ ಉಪದೇಶಕ್ಕಿಂತ ಏರ್ಪಾಡೇ ಹೆಚ್ಚು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಯಾರು ತಿರುಗುತ್ತಿದ್ದಾರೆ, ಎಲ್ಲೆಲ್ಲಿ ಕೇಳುತ್ತಿದ್ದಾರೆ, ಹಣ ಯಾರ ಕೈ ಸೇರಬೇಕು ಎಂಬುದು ಅದರಲ್ಲಿ ಸ್ಪಷ್ಟವಾಗಿದೆ. ಊರ ಜಾತ್ರೆಗೋ ಶಾಲೆಯ ಕಟ್ಟಡಕ್ಕೋ ಪಾವತಿ ಪುಸ್ತಕ ಹಿಡಿದು ಮನೆ ಮನೆ ತಿರುಗಿದವರಿಗೆ ಈ ಭಾಷೆ ಕೂಡಲೇ ಗುರುತು ಸಿಗುತ್ತದೆ: ಮೊದಲು ನಾನೆಷ್ಟು ಕೊಟ್ಟೆ ಎಂದು ಹೇಳದೆ ಎದುರಿನವರ ಜೇಬಿಗೆ ಕೈ ಹಾಕಿಸಲಾಗದು.

ಇಷ್ಟೊಂದು ಓಡಾಟ ಏಕೆ ಬೇಕಾಯಿತೆಂಬುದು ಲೆಕ್ಕ ನೋಡಿದರೆ ತಿಳಿಯುತ್ತದೆ. ಆ ಕಾಲದಲ್ಲಿ ಸೆರೆಯಾಳಿನ ಬಿಡುಗಡೆಗೆ ಬಹುಮಟ್ಟಿಗೆ ಒಂದು ನಿಗದಿತ ದರವೇ ಇತ್ತು, ಮೂವರಿಗೆ 100 ಚಿನ್ನದ ದಿನಾರ್, ಎಂದರೆ ತಲೆಗೆ 33 ದಿನಾರ್ ಮತ್ತು ಮೂರನೆಯ ಒಂದು ಪಾಲು. ಸಾಧಾರಣ ಸ್ಥಿತಿಯ ಕುಟುಂಬವೊಂದು ತಿಂಗಳಿಗೆ ಸುಮಾರು 2 ದಿನಾರ್‌ಗಳಲ್ಲಿ ಬದುಕು ಸಾಗಿಸುತ್ತಿತ್ತೆಂದು ಗೆನಿಝಾ ದಾಖಲೆಗಳ (ಫುಸ್ತಾತ್‌ನ ಸಿನಗಾಗೊಂದರ ಕೋಣೆಯಲ್ಲಿ ಸಿಕ್ಕ ಹಳೆಯ ಕಾಗದಪತ್ರಗಳ) ಅಧ್ಯಯನಕ್ಕೆ ಬದುಕನ್ನೇ ಮುಡಿಪಿಟ್ಟ ಇತಿಹಾಸಕಾರ ಎಸ್. ಡಿ. ಗೊಯ್ಟೈನ್ ತೋರಿಸಿಕೊಟ್ಟಿದ್ದಾರೆ. ಹಾಗಾದರೆ ಒಬ್ಬನನ್ನು ಬಿಡಿಸಲು ಒಂದು ಕುಟುಂಬದ ಒಂದು ವರ್ಷ ನಾಲ್ಕು ತಿಂಗಳಿಗೂ ಮಿಕ್ಕ ಖರ್ಚು ಬೇಕು. ಒಂದು ಪಟ್ಟಣದ ಸೆರೆಯಾಳುಗಳನ್ನು ಬಿಡಿಸುವುದು ಒಂದೇ ಊರಿನಿಂದ ಆಗುವ ಕೆಲಸವಾಗಿರಲಿಲ್ಲ.

ಇನ್ನು ಪ್ರಶ್ನೆಯ ಎರಡನೆಯ ಭಾಗ. ಯಹೂದಿ ಸಂಪ್ರದಾಯದಲ್ಲಿ ದಾನಕ್ಕೆ ‘ತ್ಸೆದಕಾ’ ಎನ್ನುತ್ತಾರೆ. ಆ ಪದದ ಬೇರು ನ್ಯಾಯ ಎಂಬ ಅರ್ಥದ್ದು. ಆದ್ದರಿಂದ ದಾನವೆಂಬುದು ಅಲ್ಲಿ ಕೊಡುವವನ ದೊಡ್ಡತನಕ್ಕೆ ಬಿಟ್ಟ ವಿಷಯವಲ್ಲ, ಕಟ್ಟಳೆ. ಸೆರೆಯಾಳುಗಳ ಬಿಡುಗಡೆಗೆ ‘ಪಿದ್ಯೋನ್ ಶ್ವುಯಿಮ್’ ಎಂಬ ಪ್ರತ್ಯೇಕ ಹೆಸರಿದ್ದು, ಅದರ ನಿಯಮಗಳು ಯಹೂದಿಗಳ ಪ್ರಾಚೀನ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುದ್ ಕಾಲದಿಂದಲೇ ಬಂದವು. ಪತ್ರ ಬರೆದು ಸುಮಾರು ಹತ್ತು ವರ್ಷಗಳ ನಂತರ ಪೂರ್ಣಗೊಂಡ ‘ಮಿಶ್ನೆ ತೋರಾ’ ಎಂಬ ತಮ್ಮ ಧರ್ಮಸಂಹಿತೆಯ ಬಡವರ ಹಕ್ಕಿನ ಭಾಗದಲ್ಲಿ ಮೈಮೊನಿಡೀಸ್, ಬಡವರಿಗೆ ಅನ್ನ ಬಟ್ಟೆ ಕೊಡುವುದಕ್ಕಿಂತಲೂ ಸೆರೆಯಾಳನ್ನು ಬಿಡಿಸುವುದು ಮೊದಲಿನದು, ಏಕೆಂದರೆ ಸೆರೆಯಾಳು ಹಸಿದವನೂ ಹೌದು, ಬಾಯಾರಿದವನೂ ಹೌದು, ಬಟ್ಟೆಯಿಲ್ಲದವನೂ ಹೌದು, ಜೊತೆಗೆ ಅವನ ಪ್ರಾಣವೇ ಅಪಾಯದಲ್ಲಿದೆ ಎಂದು ವಿವರಿಸುತ್ತಾರೆ. ಅದರ ಬೆನ್ನಿಗೇ ಬರುವ ಕಟ್ಟಳೆಯೊಂದು ಇನ್ನೂ ನಿಖರವಾಗಿದೆ: ಸಿನಗಾಗ್ ಕಟ್ಟಲೆಂದು ಕೂಡಿಸಿದ ಹಣವನ್ನು ಸೆರೆಯಾಳುಗಳಿಗಾಗಿ ಬಳಸಬಹುದು, ಕಲ್ಲು ತಂದು ರಾಶಿ ಹಾಕಿ, ತೊಲೆಗಳನ್ನು ಕೆತ್ತಿ ಸಿದ್ಧಪಡಿಸಿಟ್ಟಿದ್ದರೂ ಅವನ್ನು ಮಾರಿ ಸೆರೆಯಾಳುಗಳನ್ನು ಬಿಡಿಸಬಹುದು, ಆದರೆ ಕಟ್ಟಿ ಮುಗಿಸಿದ ಸಿನಗಾಗನ್ನು ಮಾರಬಾರದು, ಆಗ ಜನರಿಂದ ಹೊಸದಾಗಿ ಹಣ ಎತ್ತಬೇಕು. ದಾನದ ಎಂಟು ಮೆಟ್ಟಿಲುಗಳ ಬಗ್ಗೆ ಅವರು ಬರೆದದ್ದೇ ಹೆಚ್ಚು ಪ್ರಸಿದ್ಧವಾಗಿದೆಯಾದರೂ, ನನ್ನ ಮಟ್ಟಿಗೆ ಈ ಕಲ್ಲು ತೊಲೆಗಳ ಮಾತೇ ಹೆಚ್ಚು ಮನಸ್ಸಿಗೆ ನಾಟುತ್ತದೆ.

ಅದೇ ಅಧ್ಯಾಯದಲ್ಲಿ ಕಹಿಯಾದ ನಿಯಮವೊಂದೂ ಇದೆ. ಸೆರೆಯಾಳನ್ನು ಅವನ ಬೆಲೆಗಿಂತ ಹೆಚ್ಚು ಕೊಟ್ಟು ಬಿಡಿಸಬಾರದು, ಕೊಟ್ಟರೆ ಶತ್ರುಗಳು ಹಣದಾಸೆಗೆ ಇನ್ನಷ್ಟು ಜನರನ್ನು ಬೆನ್ನಟ್ಟಿ ಹಿಡಿಯುತ್ತಾರೆ ಎಂಬುದು ಅದರ ತಿರುಳು. ಮನುಷ್ಯನಿಗೂ ಒಂದು ಬೆಲೆಯೇ ಎಂದು ಇಂದಿನ ಓದುಗರು ಬೆಚ್ಚಬಹುದು. ಆದರೆ ಪೇಟೆಯ ದರ ಎಲ್ಲರಿಗೂ ತಿಳಿದಿದ್ದ ಆ ಲೋಕದಲ್ಲಿ, ಇಂದು ಬಿಡಿಸುವವನ ಜೊತೆಗೆ ನಾಳೆ ಸೆರೆಸಿಕ್ಕಬಹುದಾದವನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ವಿಧಿಯಿರಲಿಲ್ಲ. ಇವೆಲ್ಲ ತಾಲ್ಮುದ್‌ನಿಂದ ಬಂದ ನಿಯಮಗಳೇ ಹೊರತು ಮೈಮೊನಿಡೀಸ್ ಹುಟ್ಟುಹಾಕಿದವಲ್ಲ. ಅವರ ವಿಶೇಷವೆಂದರೆ, ಗ್ರಂಥದಲ್ಲಿ ಬರೆಯುವ ಮೊದಲೇ ಅವುಗಳನ್ನು ಪೇಟೆಯಲ್ಲಿ, ಮನೆಬಾಗಿಲಲ್ಲಿ ನಡೆಸಿ ನೋಡಿದ್ದು. ಈ ನಿಧಿ ಸಂಗ್ರಹದ ಮುಂದಾಳತ್ವವೇ ಹೊಸದಾಗಿ ಬಂದ ಪಂಡಿತನನ್ನು ಈಜಿಪ್ಟಿನ ಯಹೂದಿಗಳ ಮುಂದಾಳಾಗಿಸಲು ನೆರವಾಯಿತೆಂದು ಗೊಯ್ಟೈನ್ ವಾದಿಸಿದ್ದಾರೆ. ನನಗೂ ಅದು ಸರಿಯೆನಿಸುತ್ತದೆ.

ರುಜು ಅವರದೇ ಎಂದು ಹೇಗೆ ಹೇಳುತ್ತಾರೆ ಎಂಬ ಅನುಮಾನ ಸಹಜ. ಹೋಲಿಸಿ ನೋಡಲು ಬೇಕಾದ ಸಾಮಗ್ರಿ ಧಾರಾಳವಾಗಿದೆ. ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿರುವ ಮಿಶ್ನೆ ತೋರಾದ ಹಸ್ತಪ್ರತಿಯೊಂದರಲ್ಲಿ, ಇದನ್ನು ನನ್ನ ಪ್ರತಿಯೊಡನೆ ಹೋಲಿಸಿ ತಿದ್ದಲಾಗಿದೆ ಎಂದು ಬರೆದು ಅವರು ರುಜು ಹಾಕಿದ್ದಾರೆ. ಅದೇ ಸಂಹಿತೆಯ ಹೊಡೆದುಹಾಕಿದ ಸಾಲುಗಳ ಕರಡು ಹಾಳೆಗಳೂ, ಜನ ಕೇಳಿದ ಧಾರ್ಮಿಕ ಪ್ರಶ್ನೆಗಳ ಕೆಳಗೆ, ಅದೇ ಕಾಗದದಲ್ಲಿ, ಅವರು ಗೀಚಿದ ಚುಟುಕು ಉತ್ತರಗಳೂ ಸಿಕ್ಕಿವೆ. ಸ್ಪೇನ್ ಮತ್ತು ಮಗ್ರಿಬ್ (ವಾಯವ್ಯ ಆಫ್ರಿಕಾ) ಶೈಲಿಯ ಆ ವೇಗದ ಬರಹ, ಈಜಿಪ್ಟಿನ ಗುಮಾಸ್ತರ ಚೌಕಾಕಾರದ ಹೀಬ್ರೂ ಅಕ್ಷರಗಳ ನಡುವೆ ಬೇರೆಯಾಗಿಯೇ ಎದ್ದು ಕಾಣುತ್ತದೆ.

ಈ ಕಾಗದಗಳು ಉಳಿದದ್ದು ಯಾರೋ ಜೋಪಾನ ಮಾಡಿದ್ದರಿಂದಲ್ಲ. ದೇವರ ಹೆಸರು ಬರೆದಿರಬಹುದಾದ ಕಾಗದವನ್ನು ಕಸಕ್ಕೆ ಎಸೆಯಬಾರದೆಂಬ ಸಂಕೋಚದಿಂದ ಫುಸ್ತಾತ್‌ನ ಬೆನ್ ಎಝ್ರಾ ಸಿನಗಾಗ್‌ನವರು ಹಳೆಯ ಕಾಗದಗಳನ್ನೆಲ್ಲ ಗೆನಿಝಾ ಎಂಬ ಕೋಣೆಯೊಳಗೆ ಹಾಕುತ್ತಾ ಬಂದಿದ್ದರು. ಮಳೆಯಿಲ್ಲದ ನಾಡಾದ್ದರಿಂದ ಅವು ಕೊಳೆಯಲಿಲ್ಲ. 1896–97ರಲ್ಲಿ ಹೀಬ್ರೂ ವಿದ್ವಾಂಸ ಸೊಲೊಮನ್ ಶೆಕ್ಟರ್ ಅಲ್ಲಿಂದ ಕೇಂಬ್ರಿಜ್‌ಗೆ ಸಾಗಿಸಿದ ತುಣುಕುಗಳೇ ಸುಮಾರು 1,93,000. ನ್ಯೂಯಾರ್ಕ್, ಆಕ್ಸ್‌ಫರ್ಡ್ ಮುಂತಾದೆಡೆ ಚದುರಿದ್ದು ಬೇರೆ. 1132ರಿಂದ 1149ರವರೆಗೆ ಮಂಗಳೂರಿನ ಕಡಲತೀರದಲ್ಲಿದ್ದು ಹಿತ್ತಾಳೆಯ ಕೆಲಸದ ಕಾರ್ಖಾನೆ ನಡೆಸಿದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಅವರ ಕಾಗದಪತ್ರಗಳು ನಮಗೆ ದೊರೆತಿರುವುದೂ ಇದೇ ಕೋಣೆಯಿಂದ.

ಮೈಮೊನಿಡೀಸ್ ಅವರ ತಮ್ಮ ಡೇವಿಡ್ ಕೂಡ ಭಾರತದ ವ್ಯಾಪಾರದವನೇ. ಕೆಂಪು ಸಮುದ್ರದ ದಡದ ಐಧಾಬ್ ಬಂದರಿನಿಂದ, ಇಲ್ಲಿ ಕೊಳ್ಳುವಂತಹದೇನೂ ಸಿಗಲಿಲ್ಲ, ಭಾರತಕ್ಕೆ ಹೊರಟಿದ್ದೇನೆ ಎಂದು ಅಣ್ಣನಿಗೆ ಬರೆದ ಅವನ ಪತ್ರ ಗೆನಿಝಾದಲ್ಲಿ ಸಿಕ್ಕಿ ಈಗ ಕೇಂಬ್ರಿಜ್‌ನಲ್ಲಿದೆ. ಮುಂದೆ ಅವನು ಹಿಂದೂ ಮಹಾಸಾಗರದಲ್ಲಿ ಹಡಗು ಮುಳುಗಿ ಸತ್ತ, ಮನೆಯ ಹಣವೂ ನಂಬಿ ಕೊಟ್ಟವರ ಹಣವೂ ಅವನೊಂದಿಗೆ ನೀರುಪಾಲಾಯಿತು, ಅಣ್ಣ ಒಂದು ವರ್ಷದಷ್ಟು ಕಾಲ ಹಾಸಿಗೆ ಹಿಡಿದರು. ವರ್ಷಗಳು ಕಳೆದ ಮೇಲೆ ಆಕ್ರೆಯ ಸ್ನೇಹಿತರೊಬ್ಬರಿಗೆ ಬರೆದ ಕಾಗದದಲ್ಲಿ, ತಮ್ಮನ ಕೈಬರಹವಾಗಲಿ ಅವನ ಪುಸ್ತಕವಾಗಲಿ ಕಣ್ಣಿಗೆ ಬಿದ್ದಾಗಲೆಲ್ಲ ತಮ್ಮ ಎದೆ ಕಲಕಿ ಹೋಗುತ್ತದೆ ಎಂದು ಅವರು ಹೇಳಿಕೊಂಡಿದ್ದಾರೆ.