ಅಮ್ಮನ ಬೆರಳು ಫೋನಿಗೆ ಯಾಕೆ ಗೊತ್ತಾಗುವುದಿಲ್ಲ?

ಅಮ್ಮನಿಗೆ ಈಗ 74. ಫೋನ್ ಮುಟ್ಟುವ ಮೊದಲು ತೋರುಬೆರಳನ್ನು ನಾಲಿಗೆಗೆ ತಾಗಿಸಿಕೊಳ್ಳುತ್ತಾರೆ, ಪಂಚಾಂಗದ ಹಾಳೆ ತಿರುಗಿಸುವ ಹಾಗೆ. ಮೊಮ್ಮಕ್ಕಳು ನಗುತ್ತಾರೆ. ನಾನೂ ನಕ್ಕಿದ್ದೆ. ಆದರೆ ಅಮ್ಮನ ವಿಜ್ಞಾನ ಸರಿಯಾಗಿಯೇ ಇತ್ತು.

ನಮ್ಮ ಫೋನುಗಳ ಪರದೆಗೆ ಬೇಕಿರುವುದು ಒತ್ತಡವಲ್ಲ. ಗಾಜಿನ ಅಡಿಯಲ್ಲಿ ಕಣ್ಣಿಗೆ ಕಾಣದ ತೆಳು ವಿದ್ಯುತ್ ಜಾಲವಿದೆ. ನಮ್ಮ ಮೈಯಲ್ಲಿ ವಿದ್ಯುತ್ ಹರಿಯಬಲ್ಲದು. ಹಾಗಾಗಿ ಬೆರಳು ತಾಗಿದ ಜಾಗದಲ್ಲಿ ವಿದ್ಯುತ್ ಕ್ಷೇತ್ರ ಚೂರು ಬದಲಾಗುತ್ತದೆ. ಫೋನು ಗುರುತು ಹಿಡಿಯುವುದು ಅದನ್ನೇ. ವಯಸ್ಸಾದಂತೆ ಚರ್ಮ ಒಣಗುತ್ತದೆ. ವರ್ಷಗಟ್ಟಲೆ ಪಾತ್ರೆ ತಿಕ್ಕಿದ ಬೆರಳು ಜಡ್ಡುಗಟ್ಟಿರುತ್ತದೆ. ಇಂಥ ಬೆರಳಿನ ಸುಳಿವು ಫೋನಿಗೆ ಸರಿಯಾಗಿ ಸಿಗುವುದಿಲ್ಲ. ತೇವ ಮಾಡಿದರೆ ಸಿಗುತ್ತದೆ.

ಫೋನು ಮಾತು ಕೇಳದಿದ್ದಾಗ ಅಮ್ಮ ಇನ್ನೂ ಗಟ್ಟಿಯಾಗಿ, ಜಾಸ್ತಿ ಹೊತ್ತು ಒತ್ತುತ್ತಾರೆ. ಅಲ್ಲೇ ಎಡವಟ್ಟು. ಸುಮಾರು ಅರ್ಧ ಸೆಕೆಂಡ್ ಬೆರಳು ನಿಂತರೆ ಫೋನಿನ ಲೆಕ್ಕದಲ್ಲಿ ಅದು ಬೇರೆಯೇ ಆಜ್ಞೆ. ಕೇಳದ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ‘ಅಯ್ಯೋ, ಏನೋ ಹಾಳು ಮಾಡಿಬಿಟ್ಟೆ’ ಎಂದು ಅಮ್ಮ ಫೋನು ಕೆಳಗಿಡುತ್ತಾರೆ. ಆಂಡ್ರಾಯ್ಡ್ ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಈ ಸಮಯವನ್ನು ಹೆಚ್ಚಿಸಬಹುದು. ಎರಡು ನಿಮಿಷದ ಕೆಲಸ. ನನಗೆ ಹೊಳೆಯಲು ಮೂರು ವರ್ಷ ಬೇಕಾಯಿತು!

ಮಾತ್ರೆ ನೆನಪಿಸುವ ಆ್ಯಪ್ ಹಾಕಿಕೊಟ್ಟಾಗಲೂ ಹೀಗೇ ಆಯಿತು. ಅದರ ‘ಟಿಂಗ್’ ಅಮ್ಮನಿಗೆ ಕೇಳಿಸುತ್ತಲೇ ಇರಲಿಲ್ಲ. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ಕೀರಲು ಸ್ವರಗಳನ್ನೇ. ದಪ್ಪ ದನಿಯ ಗಂಟೆ ಹಾಕಿದ ಮೇಲೆ ಮಾತ್ರೆ ತಪ್ಪಲಿಲ್ಲ.

ಇಷ್ಟಾದರೂ ನಮ್ಮ ಮನೆಯಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು ವಾಟ್ಸ್ಆ್ಯಪ್. ಅಮ್ಮ ಬೆಳಿಗ್ಗೆ ತೋಳಿಗೆ ಬಿಪಿ ಮೆಷಿನ್ ಪಟ್ಟಿ ಕಟ್ಟಿಕೊಂಡು, ಬಂದ ಅಂಕಿಯ ಫೋಟೋ ತೆಗೆದು ನನಗೆ ಕಳಿಸುತ್ತಾರೆ. ಡಾಕ್ಟರಿಗೂ ಇದೇ ಬೇಕು. ಆಸ್ಪತ್ರೆಯ ಗಾಬರಿಗೇ ಕೆಲವರ ಬಿಪಿ ಏರುತ್ತದೆ, ಅಲ್ವಾ? ಅದಕ್ಕೇ ಕ್ಲಿನಿಕ್‌ನಲ್ಲಿ 140/90 ದಾಟಿದರೆ ಜಾಸ್ತಿ ಎನ್ನುವವರು ಮನೆಯ ಅಳತೆಗೆ 135/85ರ ಗೆರೆ ಇಟ್ಟುಕೊಳ್ಳುತ್ತಾರೆ. ಒಂದು ದಿನದ ಅಂಕಿಗಿಂತ ಹಲವು ದಿನಗಳ ಸರಾಸರಿ ಮುಖ್ಯ.

ಆದರೆ ಅಳೆಯುವ ಕ್ರಮ ತಪ್ಪಿದರೆ ಫೋಟೋ ಸುಮ್ನೆ. ಬೆನ್ನಿಗೆ ಆಸರೆ ಇರಬೇಕು, ಪಾದ ನೆಲಕ್ಕೆ ಊರಿರಬೇಕು, ಐದು ನಿಮಿಷ ಸುಮ್ಮನೆ ಕೂರಬೇಕು, ಮಾತಾಡಬಾರದು. ತೋಳು ಎದೆಯ ಮಟ್ಟದಲ್ಲಿರಬೇಕು. ಹತ್ತು ಸೆಂಟಿಮೀಟರ್ ಕೆಳಗಿದ್ದರೆ, ರಕ್ತದ ಭಾರಕ್ಕೇ ಅಂಕಿ ಏಳೆಂಟು ಜಾಸ್ತಿ ಬರುತ್ತದೆ. ಅಮ್ಮ ತೋಳು ಇಳಿಬಿಟ್ಟುಕೊಂಡು ಅಳೆಯುತ್ತಿದ್ದರು. ಈಗ ಡೈನಿಂಗ್ ಟೇಬಲ್ ಮೇಲೆ ದಿಂಬು ಇಟ್ಟು ಕೈ ಚಾಚುತ್ತಾರೆ.

ಮೆಷಿನ್ ಯಾಕೆ, ಕ್ಯಾಮೆರಾ ಮೇಲೆ ಬೆರಳಿಟ್ಟರೆ ಸಾಕು ಎನ್ನುವ ಆ್ಯಪ್‌ಗಳೂ ಇವೆ. ನಾಡಿಬಡಿತ ಎಣಿಸಲು ಆ ಉಪಾಯ ಪರವಾಗಿಲ್ಲ. ಬಿಪಿಗೆ ನಂಬಬೇಡಿ. ತುಂಬಾ ಮಾರಾಟವಾಗಿದ್ದ ಅಂಥದ್ದೊಂದು ಆ್ಯಪನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ತಜ್ಞರು ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಪಿ ಜಾಸ್ತಿ ಇದ್ದ ಹತ್ತು ಜನರಲ್ಲಿ ಸುಮಾರು ಎಂಟು ಜನರಿಗೆ ಅದು ‘ಜಾಸ್ತಿಯೇನಿಲ್ಲ’ ಎಂದು ತೋರಿಸಿತ್ತು. ಮಾತ್ರೆ ಬಿಡಲು ನೆಪ ಹುಡುಕುವವರ ಕೈಗೆ ಇದು ಸಿಕ್ಕರೆ ಕಥೆ ಮುಗಿದಂತೆ.

ಇವತ್ತಿನ ಫೋಟೋದಲ್ಲಿ 138/84 ಇತ್ತು. ಕೆಳಗೆ ಅಮ್ಮನ ವಾಯ್ಸ್ ಮೆಸೇಜ್: ‘ನೀನು ಹೇಳಿದ ಹಾಗೆ ಐದು ನಿಮಿಷ ಅಲ್ಲಾಡದೆ ಕೂತಿದ್ದೆ ಕಣೋ. ಒಲೆ ಮೇಲಿದ್ದ ಹಾಲೆಲ್ಲ ಉಕ್ಕಿಹೋಯ್ತು.’